ಸರ್ಪಸುತ್ತು ವಾಸಿ ಆದ ಮ್ಯಾಲೂ ಹೋಗದ ಉರಿ: ಬಿ12, ಡಿ ಟೆಸ್ಟು, ನರದ ಗುಳಿಗಿ, ನಾ ಪಟ್ಟ ಪಾಡು

ನಾನು ಗಂಗಾವತಿಯಾಗ ಮನಿ ಮುಂದಿನ ಖೋಲಿಯೊಳಗ ಜಂಪರ ಹೊಲಿಯಾಕಿ. ವಯಸ್ಸು ಐವತ್ನಾಲ್ಕು, ಶುಗರ್ ಬಂದು ಹತ್ತು ವರ್ಷದ ಮ್ಯಾಲಾತು, ಮೆಟ್‌ಫಾರ್ಮಿನ್ ಗುಳಿಗಿ ಅವತ್ತಿನಿಂದ ನಡದೈತಿ. ಈ ಸಲ ಯುಗಾದಿ ಮುಂದ ನಂಗ ಸರ್ಪಸುತ್ತು ಆತು. ಗುಳ್ಳಿ ಒಣಗಿ ಉದುರಿ ಹೋದ್ವು, ಆದ್ರ ಅದರ ಉರಿ ಮಳಿಗಾಲ ಮುಗಿಯೋ ತನಕ ನನ್ನ ಬಿಡಲಿಲ್ಲ. ಯಾರ್ನ ಕೇಳಿದ್ರೂ ಒಬ್ಬೊಬ್ರು ಒಂದೊಂದು ಹೇಳೋರು, ಒಬ್ರು ವಿಟಮಿನ್ ಕಮ್ಮಿ ಅಂದ್ರ ಇನ್ನೊಬ್ರು ಶುಗರ್ ಅಂತಿದ್ರು, ಮತ್ತೊಬ್ರು ದೋಷ ಅಂತಿದ್ರು. ಈಗ ಒಂದು ದಡಕ್ಕ ಬಂದು ಕುಂತೀನಿ, ಹಂಗಾಗಿ ನಾ ಹೇಳ್ತಾ ಹೋಗಿ ಸೊಸಿ ಟೈಪ್ ಮಾಡ್ಯಾಳ. ನಮ್ಮ ಕಡೆ ಹೆಣ್ಮಕ್ಳಿಗಂತೂ ಇದು ತಿಳಿಬೇಕು, ಯಾಕಂದ್ರ ಈ ಜಡ್ಡು ಜಂಪರದ ಒಳಗ ಆಗ್ತೈತಿ, ಯಾರಿಗೂ ತೋರ್ಸಾಕ ಆಗಂಗಿಲ್ಲ, ಬಾಯಿ ಮುಚ್ಚಿಕೊಂಡು ಒಳಗ ಒಳಗ ಬೇಯ್ತಾರ.

ಮೊದ್ಲು ಬಂದಿದ್ದು ಗುಳ್ಳಿ ಅಲ್ಲ, ಬ್ಯಾನಿ. ಎಡಗಡಿ ಎದಿ ಕೆಳಗಿಂದ ಬಗಲು ದಾಟಿ ಬೆನ್ನಿನ ತನಕ ಒಂದು ಪಟ್ಟಿ ಹಂಗ ಚುಚ್ಚಾಕ ಹತ್ತಿತು. ಗ್ಯಾಸ್ ಇರಬೇಕು ಅಂತ ಅಜವಾನ ನೀರು ಕುಡಿದೆ, ಕಮ್ಮಿ ಆಗಲಿಲ್ಲ. ಎಡಗಡಿ ಅಂದ ಕೂಡ್ಲೆ ಮಗ ಹೆದರಿ ಬಿಟ್ಟ, ರಾತ್ರೋರಾತ್ರಿ ಕರ್ಕೊಂಡು ಹೋಗಿ ಇಸಿಜಿ ಮಾಡಿಸಿದ, ಹಾರ್ಟಿಂದು ಏನೂ ಇಲ್ಲ ಅಂದ್ರು. ಒಂದೆರಡು ದಿನ ಬಿಟ್ಟು ಅದೇ ಜಾಗದಾಗ ಕೆಂಪಗ ಆಗಿ ಸಣ್ಣ ಸಣ್ಣ ನೀರ್ಗುಳ್ಳಿ ಗೊಂಚಲು ಗೊಂಚಲು ಎದ್ವು. ಆಗ ಬಾಜೂ ಮನಿ ಅಜ್ಜಿ ನೋಡಿ "ಯವ್ವಾ ಇದು ಸರ್ಪಸುತ್ತು, ಹಾವಿನ ತಲಿ ಬಾಲ ಕೂಡಿದ್ರ ಜೀವ ಉಳಿಯಂಗಿಲ್ಲ, ಕೆಮ್ಮಣ್ಣು ಹಚ್ಚಿ ಮಂತ್ರ ಹಾಕಸ್ರಿ" ಅಂದ್ರು. ಅವ್ರು ಪ್ರೀತಿಯಿಂದ ಹೇಳಿದ್ದು, ನಂಗೂ ಎದಿ ಝಲ್ ಅಂತು. ನನ್ನ ಸೊಸಿ ಮಾತ್ರ ಕೇಳಲಿಲ್ಲ, "ಅತ್ತಿ, ಪೂಜಿ ಆಮ್ಯಾಲೆ ಮಾಡಸೂಣು, ಮೊದ್ಲು ದವಾಖಾನಿಗೆ ನಡೀರಿ" ಅಂತ ಆಟೋ ಕರದ್ಲು. ಆಕಿ ಪುಣ್ಯೆ, ಗುಳ್ಳಿ ಎದ್ದ ಮರುದಿನನ ಡಾಕ್ಟ್ರ ಮುಂದ ಇದ್ದೆ.

ಚರ್ಮದ ಡಾಕ್ಟ್ರು ಹೆಣ್ಮಗಳು ಇದ್ರು, ಅದು ನನ್ನ ದೈವ. ಅವ್ರು ಬಿಡಿಸಿ ಹೇಳಿದ್ರು, ಇದಕ್ಕೂ ಹಾವಿಗೂ ಸಂಬಂಧ ಇಲ್ಲ ಅಮ್ಮಾ, ಸಣ್ಣಾಕಿ ಇದ್ದಾಗ ನಿಮಗ ಸಿಡುಬಿನ ಹಂಗ ಗುಳ್ಳಿ ಎದ್ದು ಅಮ್ಮ ಆಗಿತ್ತಲ್ಲ, ಚಿಕನ್ ಪಾಕ್ಸು, ಅದೇ ವೈರಸ್ಸು ನರದ ಬುಡದಾಗ ವರ್ಷಗಟ್ಟಲೆ ಮಲಗಿರ್ತೈತಿ, ವಯಸ್ಸಾದಂಗ, ಶಕ್ತಿ ಕುಂದಿದಾಗ ಎದ್ದು ಆ ನರದ ಗುಂಟ ಚರ್ಮಕ್ಕ ಬರ್ತೈತಿ ಅಂತ. ಬೆನ್ನುಹುರಿಯಿಂದ ಎಡಕ್ಕೊಂದು ಬಲಕ್ಕೊಂದು ನರ ಬೇರೆ ಬೇರೆ ಬರೂದರಿಂದ ಸಾಮಾನ್ಯವಾಗಿ ಮೈಯಿನ ಒಂದ ಕಡೆ ಆಗ್ತೈತಿ, ನಡುವಿನ ಗೆರಿ ದಾಟಂಗಿಲ್ಲ, ತಲಿ ಬಾಲ ಕೂಡೋ ಮಾತು ಸುಳ್ಳು ಅಂದ್ರು. ಇಷ್ಟು ಕೇಳಿದ ಮ್ಯಾಲೆ ಅವತ್ತು ರಾತ್ರಿ ನಂಗ ನಿದ್ದಿ ಬಂತು.

ವೈರಸ್ ತಡಿಯೋ ಗುಳಿಗಿ ಕೊಟ್ರು, ಅಸೈಕ್ಲೋವಿರ್ 800, ದಿನಕ್ಕ ಐದು ಸಲ, ಏಳು ದಿನ. ಐದು ಸಲ ನುಂಗೂದು ಅಂದ್ರ ಹೊತ್ತು ನೆಪ್ಪಿಡಬೇಕು, ಮೊಬೈಲ್‌ನ್ಯಾಗ ಅಲಾರಂ ಇಟ್ವಿ. ನೀರು ಜಾಸ್ತಿ ಕುಡೀರಿ ಅಂದ್ರು, ಕಿಡ್ನಿಗೆ ತ್ರಾಸ ಆಗಬಾರ್ದು ಅಂತ. ಇದರಾಗ ಇನ್ನೊಂದು ನಮೂನಿ ಗುಳಿಗಿ ಐತಿ, ವ್ಯಾಲಾಸೈಕ್ಲೋವಿರ್, ಅದು ದಿನಕ್ಕ ಮೂರ ಸಲ, ರೇಟು ಸ್ವಲ್ಪ ಜಾಸ್ತಿ. ಯಾವ್ದ ಇರ್ಲಿ, ಗುಳ್ಳಿ ಎದ್ದು 72 ತಾಸಿನೊಳಗ ಶುರು ಮಾಡಿದ್ರ ಗುಣ ಹೆಚ್ಚು. ಇದನ್ನ ದಯವಿಟ್ಟು ನಿಮ್ಮ ಮನ್ಯಾಗಿನ ಹಿರಿಯರಿಗೆ ಹೇಳಿ ಇಡ್ರಿ, ಮಂತ್ರಕ್ಕ ಅಂತ ನಾಕು ದಿನ ಕಳೆದ್ರ ಆ ಹೊತ್ತು ಮತ್ತ ಬರಂಗಿಲ್ಲ. ಇನ್ನೊಂದು ಮಾತು ಹೇಳಿದ್ರು, ಗುಳ್ಳಿಯಾಗಿನ ನೀರು ತಾಗಿದ್ರ ಚಿಕನ್ ಪಾಕ್ಸ್ ಆಗದೇ ಇದ್ದೋರಿಗೆ ಅದು ಬರಬಹುದು, ಬಸುರಿ ಹೆಂಗಸ್ರು ಕೂಸುಗಳನ್ನ ದೂರ ಇಡ್ರಿ ಅಂತ. ನನ್ನ ಹತ್ರ ಅಳತಿ ಕೊಡಾಕ ಬರೋ ಹೆಣ್ಮಕ್ಳಾಗ ಇಬ್ರು ಬಸುರಿ ಇದ್ರು, ಗುಳ್ಳಿ ಎಲ್ಲಾ ಹೆಕ್ಕಳಿ ಕಟ್ಟೋ ತನಕ ಅಂಗಡಿ ಬಾಗಿಲ ಹಾಕಿದೆ. ಯುಗಾದಿ ಸೀಸನ್ನು, ಅಷ್ಟೂ ಆರ್ಡರ್ ಹೋತು, ಹೋಗ್ಲಿ.

ಹೆಕ್ಕಳಿ ಉದುರಿ ಕಪ್ಪು ಕಲೆ ಉಳೀತು. ಎಲ್ಲಾರೂ "ಆರಾಮಾತಲ್ಲ" ಅಂದ್ರು. ಆದ್ರ ನನ್ನ ನಿಜವಾದ ತ್ರಾಸ ಶುರು ಆಗಿದ್ದು ಅಲ್ಲಿಂದನ.

ಹೆಂಗ ಹೇಳ್ಳಿ ಆ ಬ್ಯಾನಿ, ಕಾದ ಇಸ್ತ್ರಿ ಪೆಟ್ಟಿಗಿ ಎದಿ ಕೆಳಗ ಒತ್ತಿ ಹಿಡದಂಗ. ಅದರ ಮ್ಯಾಲೆ ನಡು ನಡುವ ಸೂಜಿ ಚುಚ್ಚೋದು ಬ್ಯಾರೆ. ವಿಚಿತ್ರ ಅಂದ್ರ ಅಂಗೈಯಿಂದ ಗಟ್ಟಿ ಒತ್ತಿ ಹಿಡದ್ರ ಸ್ವಲ್ಪ ತಡಕೋಬಹುದು, ಆದ್ರ ಸೀರಿ ಸೆರಗು ಸವರಿದ್ರ, ಫ್ಯಾನಿನ ಗಾಳಿ ತಾಗಿದ್ರ ಜೀವ ಹೋಗ್ತಿತ್ತು. ನಮ್ಮೂರ ಏಪ್ರಿಲ್ ಮೇ ತಿಂಗಳ ಬಿಸಿಲು ನಿಮಗ ಗೊತ್ತೈತಿ, ಫ್ಯಾನ್ ಹಾಕಂಗಿಲ್ಲ, ಜಂಪರ ತೊಡಂಗಿಲ್ಲ, ಬೆವರು ಇಳಿದ್ರೂ ಉರಿ. ನಾಕು ದಶಕ ಬಟ್ಟಿ ಜೋಡಿ ಬದುಕಿದಾಕಿ, ಬಟ್ಟಿ ಮೈಗೆ ತಾಗಿದ್ರ ಅಳೋ ಹಂಗಾತು. ರಾತ್ರಿ ಗ್ವಾಡಿಗೆ ಬೆನ್ನು ಕೊಟ್ಟು ಕುಂತಿರ್ತಿದ್ದೆ, ನಮ್ಮ ಯಜಮಾನ್ರು ಎದ್ದು ನೋಡಿ ಏನೂ ಮಾತಾಡದ ನೀರು ಕೊಟ್ಟು ಹೋಗೋರು.

ಇದು ಆದೋರಿಗೆ ಒಂದು ಉಪಯೋಗದ ಮಾತು ಹೇಳ್ತೀನಿ, ಇದು ಡಾಕ್ಟ್ರು ಹೇಳಿದ್ದಲ್ಲ, ನಾ ಹೊಲಿದು ನೋಡಿದ್ದು. ಹಳೇ ತೊಳದು ತೊಳದು ಮೆತ್ತಗಾದ ಮಲ್ ಬಟ್ಟಿಯಾಗ ಸಡಲ ಜಂಪರ ಹೊಲಿಸ್ಕೋರಿ, ಬ್ಯಾನಿ ಇರೋ ಕಡೆ ಬಗಲ ಹೊಲಿಗಿ ಬರಬಾರ್ದು, ಎದಿ ಕೆಳಗ ಪಟ್ಟಿ ಕಟ್ಟಬಾರ್ದು, ಹೊಲಿಗಿ ಅಂಚು ಎಲ್ಲಾ ಹೊರಗ ಬರೋ ಹಂಗ ಇಡಬೇಕು, ಹುಕ್ಕು ಬ್ಯಾಡ, ಹೆಗಲ ಮ್ಯಾಲೆ ಕಟ್ಟೋ ದಾರ ಇಡ್ರಿ. ಒಳ ಉಡುಪು ಆ ದಿನಗಳಾಗ ಬಿಟ್ಟ ಬಿಡ್ರಿ. ಮೈಗೆ ಮೆತ್ತಗ ಅಂಟಿ ಕೂಡೋ ಬಟ್ಟಿ ಅಲುಗಾಡೋ ಬಟ್ಟಿಗಿಂತ ಎಷ್ಟೋ ವಾಸಿ.

ಮತ್ತ ಚರ್ಮದ ಡಾಕ್ಟ್ರ ಹತ್ರ ಹೋದ್ವಿ. ಅವ್ರು ವೈರಸ್ ನರವನ್ನ ಘಾಸಿ ಮಾಡಿ ಹೋಗೈತಿ, ಗಾಯ ಮಾದ್ರೂ ನರ ಸುಮ್ಮನ ಬ್ಯಾನಿ ಸುದ್ದಿ ಕಳಿಸ್ತಾನ ಇರ್ತೈತಿ, ಮೂರು ತಿಂಗಳು ದಾಟಿದ್ರ ಅದಕ್ಕ ಪೋಸ್ಟ್ ಹರ್ಪಿಟಿಕ್ ನ್ಯೂರಾಲ್ಜಿಯಾ ಅಂತಾರ, ವಯಸ್ಸಾದೋರಿಗೆ ಹೆಚ್ಚು ಅಂದ್ರು. ನರದ ಬ್ಯಾನಿ ಗುಳಿಗಿ ಪ್ರೆಗಾಬಲಿನ್ 75 ರಾತ್ರಿಗೊಂದು ಬರದು, ಕಮ್ಮಿ ಆಗದಿದ್ರ ನರದ ಡಾಕ್ಟ್ರಿಗೆ ತೋರಸ್ರಿ ಅಂದ್ರು. ಗಂಗಾವತಿಯಾಗ ಆ ಹೊತ್ತಿಗೆ ನಮಗ ನ್ಯೂರಾಲಜಿಸ್ಟ್ ಸಿಗಲಿಲ್ಲ. ಬಳ್ಳಾರಿಯಾಗ ಒಬ್ರ ನಂಬರ್ ಸಿಕ್ತು, ಫೋನ್ ಹಚ್ಚಿದ್ರ ಪಾಳಿ ಮುಂದಿನ ತಿಂಗಳು ಅಂದ್ರು.

ಈ ಕಾಯೋ ಹೊತ್ತಿನ್ಯಾಗನ ದಾರಿ ತಪ್ಪಿಸೋರು ಬಾಳ ಸಿಗ್ತಾರ. ಒಂದು ಸಣ್ಣ ಕ್ಲಿನಿಕ್ಕಿಗೆ ಯಾರೋ ಕರ್ಕೊಂಡು ಹೋದ್ರು, ಅಲ್ಲಿ ನನ್ನ ಮಾತು ಪೂರ್ತಿ ಕೇಳೂಕ್ಕಿಂತ ಮೊದ್ಲ "ನರ ವೀಕ್ ಆಗ್ಯಾವ, ವಿಟಮಿನ್ ಕಮ್ಮಿ" ಅಂತ ಕೆಂಪು ಸೂಜಿ ಮಾಡಿದ್ರು. ದಿನ ಬಿಟ್ಟು ದಿನ ಬರ್ರಿ ಅಂದ್ರು. ಆ ಕೆಂಪು ಸೂಜಿ ಅಂದ್ರ ಬಿ12, ಮಿಥೈಲ್‌ಕೋಬಾಲಮಿನ್. ಒಂದು ಸಲಕ್ಕ ನೂರೈವತ್ತು ರೂಪಾಯಿ. ರಕ್ತ ಟೆಸ್ಟ್ ಮಾಡದನ ಸೂಜಿ ಶುರು ಮಾಡಿದ್ರು, ಅದರ ಪರಿಣಾಮ ಮುಂದ ಹೇಳ್ತೀನಿ. ಅದರ ಜೋಡಿ ಒಂದು ನರದ ಗುಳಿಗಿ ಪಾಕೀಟು, ಒಂದು ಮಲ್ಟಿವಿಟಮಿನ್ ಡಬ್ಬಿ. ನನ್ನ ಎದಿ ಕೆಳಗಿನ ಉರಿ ಇದ್ದಷ್ಟ ಇತ್ತು.

ಇದರ ನಡುವ ನಾ ಇನ್ನೊಂದು ಗಮನಿಸಿದ್ದೆ. ಮಷಿನ್ ಮ್ಯಾಲೆ ಕುಂತ್ರ ಪೆಡಲ್ ಕಾಲಿಗೆ ಸರಿಯಾಗಿ ತಿಳೀತಿರಲಿಲ್ಲ. ಎರಡೂ ಪಾದದಾಗ ಜೋಮು, ಬೆರಳ ತುದಿಯಾಗ ಜುಮುಜುಮು. ಇದು ಸರ್ಪಸುತ್ತಿಗಿಂತ ಮೊದ್ಲಿಂದನೂ ಸ್ವಲ್ಪ ಸ್ವಲ್ಪ ಇತ್ತು, ಎಲ್ಲಾ ಒಂದ ಜಡ್ಡು ಅಂತ ಎಲ್ಲಾರೂ ಹೇಳೋರು. ಅದು ಒಂದ ಅಲ್ಲ ಅಂತ ತಿಳಿದಿದ್ದು ಬಳ್ಳಾರಿಯಾಗ.

ಅಪಾಯಿಂಟ್‌ಮೆಂಟ್ ಇದ್ದ ದಿನ ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟಿದ್ರು, ಕಂಪ್ಲಿ ಸೇತುವಿ ಮುಳುಗಿತ್ತು. ಪ್ರತಿ ಮಳಿಗಾಲ ನದಿ ತುಂಬಿದಾಗ ಆ ದಾರಿ ಬಂದ್ ಆಗೂದು ನಮ್ಮ ಕಡ್ಯಾವ್ರಿಗೆ ಗೊತ್ತಿದ್ದದ್ದ. ಹೊಸಪೇಟಿ ಸುತ್ತು ಹಾಕಿ ಹೋಗಬೇಕಾತು. ಬಸ್ಸಿನ ಸೀಟಿನ ಅಂಚು ಬೆನ್ನಿಗೆ ತಾಗ್ತದ ಅಂತ ದಾರಿ ಉದ್ದಕ್ಕೂ ಮುಂದ ಬಾಗಿ ಕುಂತಿದ್ದೆ. ಮುಟ್ಟೋ ಹೊತ್ತಿಗೆ ಪಾಳಿ ದಾಟಿ ಹೋಗಿತ್ತು, ಕೌಂಟರಿನಾಕಿ "ಕಡೀಗೆ ಕುಂದ್ರಿ" ಅಂದ್ಲು, ಸಂಜಿ ದೀಪ ಹಚ್ಚೋ ತನಕ ಕುಂತ್ವಿ. ಜುಲೈದಿಂದ ಸೆಪ್ಟೆಂಬರ್ ತನಕ ಗಂಗಾವತಿ ಕಡಿಂದ ಬಳ್ಳಾರಿಗೆ ದವಾಖಾನಿಗೆ ಹೋಗೋರು ಹಿಂದಿನ ದಿನ ಸೇತುವಿ ಸುದ್ದಿ ಕೇಳಿ ಹೊರಡ್ರಿ, ಮತ್ತ ತಡ ಆಗ್ತದ ಅಂತ ಮೊದ್ಲ ಫೋನ್ ಮಾಡಿ ತಿಳಸ್ರಿ.

ಆ ಡಾಕ್ಟ್ರು ವಯಸ್ಸಿನಾಗ ಸಣ್ಣವ್ರು, ಆದ್ರ ಎಷ್ಟು ಸಮಾಧಾನ ಅಂತೀರಿ. ಮೊದ್ಲು ಕೇಳಿದ್ದು, ಬ್ಯಾನಿ ಎಲ್ಲೆಲ್ಲಿ ಅಂತ ಬೆರಳಿಂದ ತೋರಸ್ರಿ. ಎದಿ ಕೆಳಗಿನ ಪಟ್ಟಿ ತೋರ್ಸಿದೆ, ಆಮ್ಯಾಲೆ ಪಾದ ತೋರ್ಸಿದೆ. ಅವ್ರು ಹತ್ತಿ ತಗೊಂಡು ಎದಿ ಪಟ್ಟಿ ಮ್ಯಾಲೆ ಸವರಿದ್ರು, ನಾ ಚೀರಿದೆ. ನರ್ಸಮ್ಮನ್ನ ಬಾಜೂಕ ನಿಲ್ಲಿಸಿಕೊಂಡನ ಪರೀಕ್ಷಾ ಮಾಡಿದ್ರು, ಹೆಣ್ಮಕ್ಳು ನಾಚಬ್ಯಾಡ್ರಿ, ನರ್ಸ್ ಇರಲಿ ಅಂತ ನೀವ ಕೇಳಬಹುದು. ಆಮ್ಯಾಲೆ ಒಂದು ಕಬ್ಬಿಣದ ಕವಲು ಬಡದು ಅದು ನಡುಗ್ತಾ ಇರುವಾಗ ಕಾಲ ಹೆಬ್ಬೆರಳಿಗೆ ಇಟ್ರು, "ನಡುಕ ತಿಳೀತದ?" ಅಂದ್ರು. ಕೈಯಾಗ ತಿಳೀತು, ಕಾಲಾಗ ತಿಳೀಲಿಲ್ಲ. ಕಣ್ಣು ಮುಚ್ಚಿ ಪಾದ ಕೂಡಿಸಿ ನಿಂದ್ರಿ ಅಂದ್ರು, ತೂರಾಡಿದೆ, ಮಗ ಹಿಡಕೊಂಡ.

ಆಗ ಅವ್ರು ಹೇಳಿದ್ದನ್ನ ನಾ ಎಲ್ಲಾರಿಗೂ ಹೇಳ್ತೀನಿ. "ಅಮ್ಮಾ, ನಿಮಗೆ ಇರೋದು ಎರಡು ಬೇರೆ ಬೇರೆ ತೊಂದರೆ. ಎದೆ ಕೆಳಗೆ ಒಂದೇ ಕಡೆ ಪಟ್ಟಿ ಹಾಗೆ ಇರೋ ಉರಿ ಸರ್ಪಸುತ್ತಿನದು. ಎರಡೂ ಪಾದ ಸಮನಾಗಿ ಜೋಮು ಹಿಡಿಯೋದು ಸರ್ಪಸುತ್ತಿನದಲ್ಲ, ಅದು ಶುಗರ್ರಿಂದ ಇರಬಹುದು, ಬಿ12 ಕಮ್ಮಿಯಿಂದ ಇರಬಹುದು, ಎರಡರಿಂದಲೂ ಇರಬಹುದು." ವಿಟಮಿನ್ ತುಂಬಿದ ಕೂಡ್ಲೆ ಎದಿ ಉರಿ ಹೋಗ್ತದ ಅಂತ ಕಾಯಬ್ಯಾಡ್ರಿ, ಹಂಗಂತ ವಿಟಮಿನ್ ಕಮ್ಮಿ ಇದ್ರ ಬಿಡಾಕೂ ಬರಂಗಿಲ್ಲ, ಮೊದ್ಲ ಪೆಟ್ಟು ತಿಂದ ನರಕ್ಕ ಅದೂ ಸಿಗದಿದ್ರ ಹೆಂಗ ಅಂದ್ರು. ಇಷ್ಟು ತಿಂಗಳಾಗ ಯಾರೂ ನಂಗ ಹಿಂಗ ಎರಡು ಭಾಗ ಮಾಡಿ ಹೇಳಿರಲಿಲ್ಲ. ಕಣ್ಣಾಗ ನೀರು ಬಂತು, ಅರ್ಧ ಬ್ಯಾನಿ ಅಲ್ಲೇ ಇಳಿದಂಗ ಅನ್ನಿಸ್ತು.

ಟೆಸ್ಟ್ ಬರದು ಕೊಟ್ರು. ಬಿ12, ವಿಟಮಿನ್ ಡಿ, ರಕ್ತದ ಕಣ ಎಣಿಸೋ ಸಿಬಿಸಿ, ಕಿಡ್ನಿ ನೋಡೋ ಕ್ರಿಯಾಟಿನಿನ್, ಕ್ಯಾಲ್ಸಿಯಂ, ಥೈರಾಯ್ಡ್, ಮೂರು ತಿಂಗಳ ಶುಗರಿಂದು ಎಚ್‌ಬಿಎ1ಸಿ. ನಾವು ಊರಿಗೆ ಬಂದು ಮಾಡಿಸಿದ್ವಿ. ಶುಗರ್, ಸಿಬಿಸಿ, ಕ್ರಿಯಾಟಿನಿನ್ ಸರ್ಕಾರಿ ದವಾಖಾನ್ಯಾಗ ಆತು, ಬಿ12 ಮತ್ತ ಡಿ ಹೊರಗಿನ ಲ್ಯಾಬಿಗೆ ಕೊಟ್ವಿ, ಎರಡಕ್ಕೂ ಸೇರಿ ಸಾವಿರದ ಎಂಟುನೂರು. ರಕ್ತ ಬ್ಯಾರೆ ಊರಿಗೆ ಕಳಿಸ್ತಾರಂತ, ರಿಪೋರ್ಟ್ ಫೋನಿಗೆ ಬಂತು. ಆಯುಷ್ಮಾನ್ ಕಾರ್ಡು, ರೇಷನ್ ಕಾರ್ಡು, ಆಧಾರ್ ಎಲ್ಲಾ ಕವರಿನಾಗ ಹಾಕ್ಕೊಂಡು ತಿರುಗಿದ್ದೆ, ಆದ್ರ ನನ್ನಂಗ ಅಡ್ಮಿಟ್ ಆಗದ ಹೊರಗಿನ ಲ್ಯಾಬಿನಾಗ ಮಾಡಿಸೋ ಟೆಸ್ಟಿಗೆ, ತಿಂಗಳ ಗುಳಿಗಿಗೆ ಆ ಕಾರ್ಡಿನಿಂದ ನಮಗ ಏನೂ ಸಿಗಲಿಲ್ಲ, ಎಲ್ಲಾ ಕೈಯಿಂದನ. ಹಂಗಾಗಿ ಇಂಥ ಜಡ್ಡಿಗೆ ರೊಕ್ಕದ ಲೆಕ್ಕ ಮೊದ್ಲ ಹಾಕ್ಕೋರಿ.

ರಿಪೋರ್ಟ್‌ನ್ಯಾಗ ಡಿ 13 ಇತ್ತು, 20ಕ್ಕಿಂತ ಕೆಳಗ ಅಂದ್ರ ಕೊರತಿ ಅಂತ. ನಂಗ ನಂಬಾಕ ಆಗಲಿಲ್ಲ, ಕೊಪ್ಪಳ ಜಿಲ್ಲಾದಾಗ ಬಿಸಿಲಿಗೆ ಏನ್ ಕಮ್ಮಿ? ಬಳ್ಳಾರಿ ಡಾಕ್ಟ್ರು ಹೇಳಿದ್ರು, ಬಿಸಿಲು ಊರಾಗ ಇದ್ರ ಆಗಂಗಿಲ್ಲ, ಚರ್ಮಕ್ಕ ಬೀಳಬೇಕು, ನೀವು ಮುಂಜಾನಿಯಿಂದ ಸಂಜಿ ತನಕ ಖೋಲಿಯಾಗ ಮಷಿನ್ ಮುಂದ, ಹೊರಗ ಬಂದ್ರ ತಲಿ ತುಂಬ ಸೆರಗು. ಖರೇನ. ಬಿ12 ಮಾತ್ರ 2000ಕ್ಕಿಂತ ಹೆಚ್ಚು ಅಂತ ಬಂದಿತ್ತು, ಅಂದ್ರ ಮಷಿನ್ ಅಳಿಯೋದಕ್ಕಿಂತ ಜಾಸ್ತಿ. ಲ್ಯಾಬಿನ ಹುಡುಗ "ಬಾಳ ಚೊಲೋ ಐತಿ ಬಿಡ್ರಿ" ಅಂದಿದ್ದ. ಡಾಕ್ಟ್ರು ನೋಡಿ ತಲಿ ಅಲ್ಲಾಡಿಸಿದ್ರು. ಸೂಜಿ ಮಾಡಿದ ಮ್ಯಾಲೆ ರಕ್ತದಾಗ ಬಿ12 ಏರಿ ಕುಂದ್ರತೈತಿ, ಈ ನಂಬರಿನಿಂದ ಮೊದ್ಲು ಕಮ್ಮಿ ಇತ್ತೋ ಇಲ್ಲೋ ಹೇಳಾಕ ಬರಂಗಿಲ್ಲ ಅಂದ್ರು. ಕೆಂಪು ಸೂಜಿ ಮೊದ್ಲ ಮಾಡಿದ್ದಕ್ಕ ಆದ ನಷ್ಟ ಇದು. ಯಾರರ ನಿಮಗ ನರದ ಸೂಜಿ ಮಾಡ್ತೀವಿ ಅಂದ್ರ, "ಮೊದ್ಲು ಬಿ12 ರಕ್ತ ಕೊಟ್ಟು ಬರ್ತೀನ್ರಿ, ಆಮ್ಯಾಲೆ ಮಾಡ್ರಿ" ಅಂತ ಧೈರ್ಯವಾಗಿ ಹೇಳ್ರಿ. ರಕ್ತ ಕೊಡಾಕ ಐದು ನಿಮಿಷ ಸಾಕು. ಸಾಮಾನ್ಯ ಲೆಕ್ಕದಾಗ 200ಕ್ಕಿಂತ ಕೆಳಗ ಇದ್ರ ಕೊರತಿ, 200ರಿಂದ 300 ಅಂದ್ರ ಅನುಮಾನದ್ದು, ಆವಾಗ ಹೋಮೋಸಿಸ್ಟೀನ್, ಮಿಥೈಲ್‌ಮಲೋನಿಕ್ ಆಸಿಡ್ ಅಂತ ಬ್ಯಾರೆ ಟೆಸ್ಟ್ ಹೇಳ್ತಾರ. ಕೂದಲಿಗೆ ಅಂತ ಬಯೋಟಿನ್ ಗುಳಿಗಿ ನುಂಗೋರು ಇದ್ರ ಅದನ್ನೂ ಲ್ಯಾಬಿನಾಗ ಮೊದ್ಲ ಹೇಳ್ರಿ, ಕೆಲವು ಮಷಿನಿನಾಗ ವಿಟಮಿನ್ ಡಿ, ಥೈರಾಯ್ಡ್ ಇಂಥ ಟೆಸ್ಟಿನ ನಂಬರ್ ಅದರಿಂದ ತಪ್ಪು ಬರ್ತದಂತ.

ನನ್ನ ಕೇಸಿನಾಗ ದಾರಿ ತೋರಿಸಿದ್ದು ಒಂದು ಹಳೇ ಕಾಗದ. ಹಿಂದಿನ ವರ್ಷ ಶುಗರ್ ಚೆಕಪ್ಪಿನಾಗ ಮಾಡಿಸಿದ್ದ ಸಿಬಿಸಿ, ಸೊಸಿ ಅದನ್ನೂ ಫೈಲಿನಾಗ ಹಚ್ಚಿದ್ಲು. ಡಾಕ್ಟ್ರು ಅದನ್ನ ತಗದು ಒಂದು ಸಾಲಿಗೆ ಪೆನ್ನಿಂದ ಗುಂಡು ಹಾಕಿದ್ರು, ಎಂಸಿವಿ, ಅಂದ್ರ ರಕ್ತದ ಕಣದ ಗಾತ್ರ, 106, ಹಿಮೋಗ್ಲೋಬಿನ್ 10.4. ರಕ್ತದ ಕಣ 100ಕ್ಕಿಂತ ದೊಡ್ಡ ಆಗಿದ್ರ ಬಿ12 ಇಲ್ಲಾ ಫೋಲೇಟ್ ಕೊರತಿ ಇರಬಹುದು ಅಂತ ಸೂಚನಾ. ಹತ್ತು ವರ್ಷ ಮೆಟ್‌ಫಾರ್ಮಿನ್, ಆ ಗುಳಿಗಿ ಕರುಳಿನಾಗ ಬಿ12 ಹೀರಿಕೊಳ್ಳೂದನ್ನ ಕಮ್ಮಿ ಮಾಡ್ತದ. ಅದರ ಜೋಡಿ ದಿನಾ ಮುಂಜಾನಿ ಗ್ಯಾಸಿನ ಗುಳಿಗಿ ಪ್ಯಾಂಟೊಪ್ರಜೋಲ್, ಅದೂ ಹಂಗ. ನಮ್ಮನ್ಯಾಗ ತತ್ತಿ, ಮಾಂಸ ತಿನ್ನಂಗಿಲ್ಲ. ಈ ಮೂರೂ ಕೂಡಿಸಿ ನೋಡಿ, ನಿಮಗ ಸೂಜಿಗಿಂತ ಮೊದ್ಲು ಬಿ12 ಕಮ್ಮಿ ಇದ್ದಿದ್ದ ಹೆಚ್ಚು ಸಂಭವ, ಬಿ12 ಮುಂದುವರಸ್ರಿ ಅಂದ್ರು. ಮೆಟ್‌ಫಾರ್ಮಿನ್ ಮಾತ್ರ ನಿಮ್ಮಷ್ಟಕ್ಕ ನೀವ ಬಿಡಬ್ಯಾಡ್ರಿ ಅಂತ ಎರಡು ಸಲ ಹೇಳಿದ್ರು. ಹಳೇ ರಿಪೋರ್ಟ್ ಒಗೀಬ್ಯಾಡ್ರಿ ತಾಯಂದಿರೇ, ಒಂದೂ ಒಗೀಬ್ಯಾಡ್ರಿ.

ಆಮ್ಯಾಲೆ "ನೀವು ನುಂಗೋ ಗುಳಿಗಿ ಎಲ್ಲಾ ಟೇಬಲ್ ಮ್ಯಾಲೆ ಇಡ್ರಿ" ಅಂದ್ರು. ಚೀಲ ಬರಿದು ಮಾಡಿದೆ. ಮಗನ ಕಡಿಂದ ಒಂದೊಂದರ ಹಿಂದಿನ ಸಣ್ಣ ಅಕ್ಷರ ಓದಿಸಿದ್ರು. ಹೆಸರು ಬ್ಯಾರೆ ಬ್ಯಾರೆ, ಒಳಗ ಇರೋದು ಅದ ಅದ. ಪ್ರೆಗಾಬಲಿನ್ ಜೋಡಿ ಮಿಥೈಲ್‌ಕೋಬಾಲಮಿನ್ ಸೇರಿಸಿದ್ದೊಂದು, ನರದ ಗುಳಿಗಿಯಾಗ ಮತ್ತ ಅದ, ಮಲ್ಟಿವಿಟಮಿನ್‌ನ್ಯಾಗ ಮತ್ತ ಅದ. ಮುಖ್ಯ ಮಾತು ಅಂದ್ರ ಎರಡರಾಗ ಪಿರಿಡಾಕ್ಸಿನ್ ಅಂತ ಇತ್ತು, ಅಂದ್ರ ಬಿ6. ಅದು ಸ್ವಲ್ಪ ಬೇಕು, ಆದ್ರ ಹೆಚ್ಚು ಡೋಸಿನಾಗ ಬಾಳ ದಿನ ನುಂಗಿದ್ರ ಅದ ನರ ಕೆಡಿಸ್ತದ, ಪಾದದಾಗ ಜೋಮು ತರ್ತದ. ನರ ಗಟ್ಟಿ ಆಗ್ಲಿ ಅಂತ ನುಂಗೋ ಗುಳಿಗಿ ನರಕ್ಕ ತ್ರಾಸ ಕೊಡಬಹುದು ಅಂತ ನಾ ಕನಸಿನ್ಯಾಗೂ ಅಂದುಕೊಂಡಿರಲಿಲ್ಲ. ಎರಡು ಪಾಕೀಟು ಅಲ್ಲೇ ಬಾಜೂಕ ಸರಿಸಿದ್ರು. ಹೀಂಗಾಗಿ ಯಾವ ಡಾಕ್ಟ್ರ ಹತ್ರ ಹೋದ್ರೂ ಚೀಟಿ ಅಷ್ಟ ಅಲ್ಲ, ಗುಳಿಗಿ ಪಾಕೀಟು ಸೈತ ಒಯ್ಯಿರಿ.

ಕಡೀಗೆ ಉಳಿದಿದ್ದು ಹಿಂಗ. ಎದಿ ಉರಿಗೆ ಪ್ರೆಗಾಬಲಿನ್, ಕಿಡ್ನಿ ರಿಪೋರ್ಟ್ ನೋಡಿನ ಡೋಸ್ ನಿಧಾನಕ್ಕ ಏರಿಸಿದ್ರು. ಅದರ ಜೋಡಿ ರಾತ್ರಿ ನಾರ್‌ಟ್ರಿಪ್ಟಿಲಿನ್ 10, ಮೊದ್ಲಿನ ಇಸಿಜಿ ನೋಡಿದ ಮ್ಯಾಲೆ. ಇದು ಮನಸಿನ ಜಡ್ಡಿಗೂ ಕೊಡೋ ಗುಳಿಗಿ, ಔಷಧಿ ಅಂಗಡ್ಯಾಗ ಯಾರೋ ಹಂಗಂದಿದ್ದಕ್ಕ ನಮ್ಮ ಯಜಮಾನ್ರು ಗಾಬರಿ ಆಗಿ ಫೋನ್ ಮಾಡಿ ಕೇಳಿದ್ರು, ನರದ ಬ್ಯಾನಿಗೂ ಕಮ್ಮಿ ಡೋಸಿನಾಗ ಕೊಡ್ತಾರ, ಹೆದರಬ್ಯಾಡ್ರಿ ಅಂದ್ರು. ಬಿ12 ಗುಳಿಗಿ 1500 ಮೈಕ್ರೋಗ್ರಾಂ ದಿನಕ್ಕೊಂದು. ವಿಟಮಿನ್ ಡಿ 60,000 ಯೂನಿಟ್ಟಿಂದು ವಾರಕ್ಕ ಒಂದ, ಎಂಟು ವಾರ, ಊಟ ಆದ ಮ್ಯಾಲೆ ಹಾಲಿನ ಜೋಡಿ. ಇದನ್ನ ದಿನಾ ನುಂಗಬಾರ್ದು, ನಮ್ಮ ಓಣ್ಯಾಗ ಒಬ್ರು ಹಂಗ ನುಂಗಾಕ ಹೊಂಟಿದ್ರು, ತಡದೆ, ಜಾಸ್ತಿ ಆದ್ರ ರಕ್ತದಾಗ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಹೊಡಿತೈತಿ.

ಮಗ ಇಂಟರ್ನೆಟ್‌ನ್ಯಾಗ ಓದಿ ವಿಟಮಿನ್ ಸಿ ಬಗ್ಗೆ ಕೇಳಿದ. 2009ರಾಗ ತೈವಾನಿನ ಡಾಕ್ಟ್ರುಗಳು ಬರದಿದ್ದು, ಸರ್ಪಸುತ್ತಿನ ಬ್ಯಾನಿ ಉಳಿದೋರ ರಕ್ತದಾಗ ವಿಟಮಿನ್ ಸಿ ಕಮ್ಮಿ ಇತ್ತಂತ, ರಕ್ತನಾಳಕ್ಕ ಅದನ್ನ ಕೊಟ್ಟಾಗ ತಾನ ತಾನಾಗಿ ಬರೋ ಬ್ಯಾನಿ ಕಮ್ಮಿ ಆತಂತ, ಆದ್ರ ಸವರಿದ್ರ ಬರೋ ಬ್ಯಾನಿ ಕಮ್ಮಿ ಆಗಲಿಲ್ಲಂತ. ಡಾಕ್ಟ್ರು ಹೌದು, ಸಣ್ಣ ಅಧ್ಯಯನ ಅದು, ಅದಕ್ಕ ಅಂತ ಡ್ರಿಪ್ ಹಾಕಿಸ್ಕೋಬ್ಯಾಡ್ರಿ, ಊಟದಾಗ ತಗೋರಿ ಅಂದ್ರು. ಪ್ಯಾರಲ ಹಣ್ಣು, ನೆಲ್ಲಿಕಾಯಿ, ಲಿಂಬಿ. ನಮ್ಮ ಸಂತ್ಯಾಗ ಇವಕ್ಕ ಏನ್ ಬರ? ಬಿ12 ಮಾತ್ರ ಕಾಯಿಪಲ್ಯದಾಗ ಸಿಗಂಗಿಲ್ಲ, ಬೀಟ್ರೂಟು, ಮೊಳಕಿ ಕಾಳು, ಪಾಲಕ್ ತಿನ್ರಿ ಬಿ12 ಬರ್ತದ ಅಂತ ಹೇಳೋದು ಸುಳ್ಳು. ಹಾಲು ಮೊಸರಿನಾಗ ಇರ್ತದ, ತತ್ತಿ ಮೀನು ಮಾಂಸದಾಗ ಇರ್ತದ. ನನ್ನಂಗ ಮೆಟ್‌ಫಾರ್ಮಿನ್ ನುಂಗೋರಿಗೆ ಮೊಸರಷ್ಟ ಸಾಲದೇ ಹೋಗಬಹುದು, ಟೆಸ್ಟ್ ಮಾಡ್ಸಿ ಗುಳಿಗಿ ತಗೋಬೇಕಾಗ್ತದ.

ಪ್ರೆಗಾಬಲಿನ್ ಏರಿಸಿದ ಮೊದಲ ವಾರಗಳು ಕೆಟ್ಟ ಇದ್ವು. ಮಂಪರು, ತಲಿ ತಿರುಗೂದು, ಸೂಜಿಗೆ ದಾರ ಪೋಣಿಸಾಕ ಆಗ್ತಿರಲಿಲ್ಲ, ಬಾಯಿ ಒಣಗೂದು, ಕಾಲ ಗಿಣ್ಣು ಸ್ವಲ್ಪ ಬಾವು. ಬಚ್ಚಲಕ್ಕ ಹೋಗುವಾಗ ಗ್ವಾಡಿ ಹಿಡದು ಹೋಗ್ತಿದ್ದೆ. ನಿಧಾನಕ್ಕ ಮೈ ಹೊಂದಿಕೊಂತು. ವಯಸ್ಸಾದೋರು ಇದನ್ನ ಶುರು ಮಾಡಿದ್ರ ರಾತ್ರಿ ಒಬ್ರ ಏಳಾಕ ಬಿಡಬ್ಯಾಡ್ರಿ, ಬಿದ್ರ ಕೈಕಾಲು ಮುರೀತಾವ. ಮತ್ತ ಬ್ಯಾನಿ ಕಮ್ಮಿ ಆತು ಅಂತ ಒಮ್ಮಿಗಲೇ ನಿಲ್ಲಸಬಾರ್ದು, ಇಳಿಸ್ತಾ ಬರಬೇಕು. ಚೀಟಿ ಇಲ್ದ ಈ ಗುಳಿಗಿ ಕೊಡಂಗಿಲ್ಲ, ಮುಗಿಯೋಕ್ಕಿಂತ ವಾರ ಮೊದ್ಲ ಚೀಟಿ ಹೊಸದು ಮಾಡಿಸಿ ಇಟ್ಕೋರಿ.

ಲಿಡೋಕೇನ್ 5% ಪಟ್ಟಿನೂ ಬರದಿದ್ರು, ಗಾಯ ಇಲ್ಲದ ಚರ್ಮದ ಮ್ಯಾಲೆ 12 ತಾಸು ಹಚ್ಚಿ 12 ತಾಸು ತಗದಿಡೂದು. ನಂಗ ಅದು ಬಾಳ ಹಿಡಿಸ್ತು, ಜಂಪರ ತಾಗೂದು ತಪ್ತು, ಹಗಲು ಹೊಲಿಗಿ ಕೆಲಸ ಮಾಡಾಕ ಅದ ದಾರಿ ಮಾಡ್ತು. ಆದ್ರ ರೇಟು ತಡಕೋಳಾಕ ಆಗಂಗಿಲ್ಲ, ಬ್ಯಾನಿ ಜಾಗದ ಅಳತಿಗೆ ಕತ್ತರಿಸಿ ಹಚ್ಚಿಕೊಂಡೆ, ಕತ್ತರಿಸಬಹುದು ಅಂತ ಡಾಕ್ಟ್ರ ಹೇಳಿದ್ರು. ಮೊದಲ ತಿಂಗಳ ಗುಳಿಗಿ, ಪಟ್ಟಿ ಎಲ್ಲಾ ಸೇರಿ ನಾಕು ಸಾವಿರ ದಾಟಿತ್ತು. ಆಮ್ಯಾಲೆ ಚೀಟಿಯಾಗ ಕಂಪನಿ ಹೆಸರಿನ ಬದ್ಲಿ ಔಷಧಿ ಹೆಸರು ಬರಿಸಿಕೊಂಡು ಜನೌಷಧಿ ಕೇಂದ್ರದಾಗ ತಗೊಂಡ್ವಿ, ಪಟ್ಟಿ ಬಿಟ್ಟು ಗುಳಿಗಿ ಖರ್ಚು ಅರ್ಧಕ್ಕಿಂತ ಕೆಳಗ ಬಂತು. ಇದನ್ನ ಬಡವ್ರು ಯಾರೂ ಮರೀಬ್ಯಾಡ್ರಿ, ಡಾಕ್ಟ್ರಿಗೆ ಬಾಯಿ ಬಿಟ್ಟು ಕೇಳ್ರಿ, ಬರದು ಕೊಡ್ತಾರ.

ಗಣೇಶ ಚೌತಿ ಹೊತ್ತಿಗೆ ರಾತ್ರಿ ನಿದ್ದಿ ಬರಾಕ ಹತ್ತಿತು. ದಸರಾಕ್ಕ ಫ್ಯಾನ್ ಕೆಳಗ ಕುಂದ್ರಾಕ ಆತು. ಎದಿ ಪಟ್ಟಿ ಈಗೂ ಬೆವರು ಬಂದ್ರ ಚುರುಚುರು ಅಂತೈತಿ, ಆದ್ರ ಬದುಕಬಹುದು. ಪಾದದ ಜೋಮು ಬ್ಯಾರೆ ದಾರಿ ಹಿಡೀತು, ಅದು ಬಾಳ ನಿಧಾನ, ಎದಿ ಉರಿ ಅರ್ಧ ಇಳಿದಾಗೂ ಅದು ಹಂಗ ಇತ್ತು, ಈಗೀಗ ಪೆಡಲ್ ಅಂಚು ಹೆಬ್ಬೆರಳಿಗೆ ತಿಳಿಯಾಕ ಹತ್ತೈತಿ. ಎರಡೂ ಬ್ಯಾರೆ ಅಂತ ಡಾಕ್ಟ್ರು ಹೇಳಿದ್ದು ನನ್ನ ಮೈಯಾಗನ ನೋಡಿದೆ. ಹಿಮೋಗ್ಲೋಬಿನ್ 12ರ ಹತ್ರ ಬಂದೈತಿ, ಡಿ 34.

ಕಾರಟಗಿಯಾಗಿರೋ ನಮ್ಮಕ್ಕ ನನ್ನ ಪಾಡು ನೋಡಿ ಹೆದರ್ಯಾಳ, ಇದಕ್ಕ ಲಸಿಕಿ ಐತೇನು ಅಂತ ಕೇಳ್ಯಾಳ. ಐತಿ, ಶಿಂಗ್ರಿಕ್ಸ್ ಅಂತ, ಭಾರತದಾಗ 2023ರಿಂದ ಸಿಗ್ತೈತಿ, 50 ದಾಟಿದೋರಿಗೆ, ಎರಡು ಡೋಸು, ನಡುವ ಎರಡರಿಂದ ಆರು ತಿಂಗಳು ಅಂತರ. ಆಗಲೇ ಬಂದಿರೋ ಬ್ಯಾನಿಗೆ ಅದು ಔಷಧಿ ಅಲ್ಲ, ಮುಂದ ಬರದಂಗ ತಡಿಯಾಕ. ಎರಡೂ ಡೋಸಿಗೆ ಇಪ್ಪತ್ತು ಸಾವಿರದ ಸುತ್ತ ಆಗ್ತದ ಅಂತ ಔಷಧಿ ಅಂಗಡ್ಯಾಗ ಹೇಳಿದ್ರು. ಅಕ್ಕನ ಮಕ್ಳು ಭತ್ತದ ರೊಕ್ಕ ಬಂದ ಮ್ಯಾಲೆ ಹಾಕಿಸ್ತೀವಿ ಅಂದಾರ. ನನ್ನ ಮುಂದಿನ ಟೆಸ್ಟು ಜನವರಿಯಾಗ, ಗವಿಮಠದ ಜಾತ್ರಿ ಮುಂದ, ಸಿಬಿಸಿ, ಕ್ಯಾಲ್ಸಿಯಂ, ಕ್ರಿಯಾಟಿನಿನ್, ಶುಗರ್. ಅದು ಸರಿ ಬಂದ್ರ ಪ್ರೆಗಾಬಲಿನ್ ಇನ್ನೊಂದು ಮೆಟ್ಲ ಇಳಿಸ್ತೀನಿ ಅಂದಾರ, ಬಿ12 ಗುಳಿಗಿ ಮಾತ್ರ ಮೆಟ್‌ಫಾರ್ಮಿನ್ ಇರೋ ತನಕ ನಡೀತದ.